ಡಬ್ಬಿ ತುಂಬಿಸಿ ಕಳಿಸಿದರೆ ತುಂಬಿಯೇ ವಾಪಸ್ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ದಾವಣಗೆರೆ. ಮಗನಿಗೆ ಐದೂವರೆ ವರ್ಷ, ಯುಕೆಜಿಯಲ್ಲಿದ್ದಾನೆ. ಬೆಳಿಗ್ಗೆ ಏಳೂಮುಕ್ಕಾಲಿಗೆ ವ್ಯಾನ್ ಬರುತ್ತದೆ. ಹತ್ತೂಕಾಲಿಗೆ ಸ್ನ್ಯಾಕ್ಸ್ ಬ್ರೇಕ್, ಹನ್ನೆರಡೂವರೆಗೆ ಊಟ, ಮೂರು ಗಂಟೆಗೆ ಮನೆಗೆ. ದಿನಾ ಐದಕ್ಕೆ ಎದ್ದು ಚಪಾತಿ-ಪಲ್ಯ, ಹೂಕೋಸು ಹಾಕಿದ ಪಲಾವ್, ಪಾಲಕ್ ದೋಸೆ ಅಂತ ಏನೇನೋ ಮಾಡಿ ಕಳಿಸುತ್ತೇನೆ. ಮೊಬೈಲ್‌ನಲ್ಲಿ ನೋಡಿ ಕ್ಯಾರೆಟ್‌ನಲ್ಲಿ ಹೂವು, ಚಪಾತಿಯಲ್ಲಿ ಕರಡಿ ಮುಖ ಎಲ್ಲ ಕತ್ತರಿಸಿ ಇಟ್ಟೆ. ನೋಡಿ ಖುಷಿಪಟ್ಟ, ತಿನ್ನಲಿಲ್ಲ. ಅವನು ಇಷ್ಟಪಟ್ಟು ತಿನ್ನುವುದು ಮೊಸರನ್ನ, ಖಾಲಿ ದೋಸೆ, ತಿಳಿಸಾರು-ಅನ್ನ, ಮಂಡಕ್ಕಿ, ಬಾಳೆಹಣ್ಣು, ಬಿಸ್ಕತ್ತು. ಊಟ ಮಾಡಲ್ಲ ಅಂತ ದಿನಕ್ಕೆ ಮೂರು ದೊಡ್ಡ ಲೋಟ ಹಾಲಿಗೆ ಪೌಡರ್, ಸಕ್ಕರೆ ಹಾಕಿ ಕೊಡುತ್ತೇನೆ. ರಾತ್ರಿ ಮೊಬೈಲ್ ತೋರಿಸಿಯೇ ತಿನ್ನಿಸಬೇಕು. ಅತ್ತೆಯವರು ಜಂತುಹುಳು ಇರಬೇಕು ಅಂತಾರೆ. ಪಕ್ಕದ ಮನೆಯವರು ಹಸಿವಿನ ಟಾನಿಕ್ ಹೇಳಿದ್ದಾರೆ. ನಮ್ಮೆಜಮಾನ್ರು ‘ಅವನು ಕೇಳಿದ್ದೇ ಕೊಡು, ತಲೆ ಕೆಡಿಸ್ಕೋಬೇಡ’ ಅಂತಾರೆ. ಮೊನ್ನೆ ಟೀಚರ್ ‘ಲಂಚ್ ಮುಗಿಸುವುದಿಲ್ಲ’ ಅಂತ ಡೈರಿಯಲ್ಲಿ ಬರೆದು ಕಳಿಸಿದರು. ಓದಿ ಸಿಟ್ಟಿನಲ್ಲಿ ಒಂದೇಟು ಹಾಕಿಬಿಟ್ಟೆ. ಆಮೇಲೆ ನಾನೇ ಅಳುತ್ತಾ ಕೂತೆ. ಈಗ ತೂಕ 16.5 ಕೆ.ಜಿ., ಎತ್ತರ 108 ಸೆಂ.ಮೀ. ಹೋದ ವರ್ಷ ಇದೇ ಹೊತ್ತಿಗೆ 14.8 ಕೆ.ಜಿ., 102 ಸೆಂ.ಮೀ. ಇದ್ದ.

ಉತ್ತರ: ನೀವು ಪತ್ರದ ಕೊನೆಯಲ್ಲಿ ಬರೆದಿದ್ದನ್ನೇ ನಾನು ಮೊದಲು ಓದಿದೆ. ಒಂದು ವರ್ಷದಲ್ಲಿ 1.7 ಕೆ.ಜಿ. ತೂಕ, 6 ಸೆಂ.ಮೀ. ಎತ್ತರ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 2 ಕೆ.ಜಿ. ತೂಕ, 5ರಿಂದ 6 ಸೆಂ.ಮೀ. ಎತ್ತರ ಹೆಚ್ಚಾದರೆ ಸಾಕು. ನಿಮ್ಮ ಮಗ ಸಣ್ಣ ಮೈಕಟ್ಟಿನವನು ಇರಬಹುದು, ಆದರೆ ಬೆಳೆಯುತ್ತಿದ್ದಾನೆ. ಉಪವಾಸ ಇರುವ ಮಗು ಹೀಗೆ ಬೆಳೆಯುವುದಿಲ್ಲ. ಅಂದರೆ ಅವನಿಗೆ ಬೇಕಾದಷ್ಟು ಎಲ್ಲಿಂದಲೋ ಸಿಗುತ್ತಿದೆ. ಎಲ್ಲಿಂದ ಅಂತ ನೋಡೋಣ. ಒಂದೇಟು ಹಾಕಿದ್ದಕ್ಕೆ ನಿಮ್ಮನ್ನು ಬೈಯುವುದಕ್ಕೆ ಈ ಉತ್ತರ ಬರೆಯುತ್ತಿಲ್ಲ. ಐದಕ್ಕೆ ಎದ್ದು ಮಾಡಿದ್ದು ಹಾಗೇ ವಾಪಸ್ ಬಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ಹಸಿವು ಎಲ್ಲಿ ಹೋಯಿತು?

ಹಾಲಿನ ಲೆಕ್ಕ ಹಾಕಿ. ದೊಡ್ಡ ಲೋಟ ಅಂದರೆ ಸುಮಾರು 250 ಮಿ.ಲೀ. ಮೂರು ಲೋಟಕ್ಕೆ 750 ಮಿ.ಲೀ. ಹಾಲು, ಪೌಡರ್, ಸಕ್ಕರೆ ಎಲ್ಲ ಸೇರಿದರೆ ಹತ್ತಿರ ಹತ್ತಿರ 600 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯ ಪ್ರಕಾರ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 1,360 ಕ್ಯಾಲೊರಿ. ಅರ್ಧದ ಹತ್ತಿರ ಲೋಟದಲ್ಲೇ ಮುಗಿಯಿತು. ಹತ್ತೂಕಾಲಿಗೆ ಒಂದು ಚಿಕ್ಕ ಪ್ಯಾಕ್ ಬಿಸ್ಕತ್ತು ತಿಂದರೆ ಇನ್ನೊಂದು 200 ಕ್ಯಾಲೊರಿ. ಆಮೇಲೆ ಹನ್ನೆರಡೂವರೆಗೆ ಚಪಾತಿ ಯಾಕೆ ಬೇಕು ಅವನಿಗೆ?

ಊಟ ಮಾಡಲ್ಲ ಅಂತ ಹಾಲು, ಹಾಲು ಕುಡಿದ ಅಂತ ಊಟ ಸೇರದು. ನನ್ನ ಹತ್ತಿರ ಬರುವ ‘ಏನೂ ತಿನ್ನಲ್ಲ’ ಎನ್ನುವ ಮಕ್ಕಳಲ್ಲಿ ಇದನ್ನು ನಾನು ಅತಿ ಹೆಚ್ಚು ನೋಡುತ್ತೇನೆ. ಇನ್ನೊಂದು ತೊಂದರೆಯೂ ಇದೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಹಾಲಿನ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತದೆ. ಕಬ್ಬಿಣ ಕಡಿಮೆಯಾದರೆ ಹಸಿವು ಸಾಯುತ್ತದೆ. ಹಸಿವು ಸತ್ತರೆ ಮತ್ತೆ ಹಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ 67 ಮಕ್ಕಳಿಗೆ ರಕ್ತಹೀನತೆ ಇತ್ತು. ನೋಡುವುದಕ್ಕೆ ಚೆನ್ನಾಗಿರುವ ಮಕ್ಕಳೂ ಅದರಲ್ಲಿ ಇರುತ್ತಾರೆ.

ದಿನಕ್ಕೆ ಒಟ್ಟು 400 ಮಿ.ಲೀ. ಹಾಲು ಸಾಕು, ಮೊಸರು ಬೇಕಾದರೆ ಬೇರೆ. ‘ಪ್ರೊಟೀನ್ ಕಡಿಮೆ ಆಗಲ್ವಾ?’ ಅಂತ ಕೇಳಬಹುದು. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು 16 ಗ್ರಾಂ ಪ್ರೊಟೀನ್. 400 ಮಿ.ಲೀ. ಹಾಲಿನಲ್ಲೇ 12–13 ಗ್ರಾಂ ಸಿಗುತ್ತದೆ. ಉಳಿದದ್ದು ಮೊಸರನ್ನ, ದೋಸೆಯ ಉದ್ದಿನಬೇಳೆ, ಸಾರಿನ ಬೇಳೆಯಲ್ಲಿ ಬಂದುಬಿಡುತ್ತದೆ. ಪೌಡರ್ ನಿಲ್ಲಿಸಿದರೆ ಏನೂ ನಷ್ಟವಿಲ್ಲ. ಅವುಗಳಲ್ಲಿ ಹೆಚ್ಚಿನವುಗಳ ತುಂಬಾ ಇರುವುದು ಸಕ್ಕರೆ. ‘ಹೆಲ್ತ್ ಡ್ರಿಂಕ್’ ಅನ್ನುವ ವರ್ಗವೇ ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಇಲ್ಲ. ಆ ಹೆಸರಿನಡಿ ಇಂಥ ಪಾನೀಯಗಳನ್ನು ಮಾರಬೇಡಿ ಅಂತ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಒಂದೇ ದಿನಕ್ಕೆ ನಿಲ್ಲಿಸಿದರೆ ಅವನು ಹಾಲನ್ನೇ ಬಿಡಬಹುದು. ಹಾಗಾಗಿ ಪೌಡರನ್ನು ಎರಡು ಮೂರು ವಾರದಲ್ಲಿ ಕಾಲು ಚಮಚ, ಕಾಲು ಚಮಚ ಇಳಿಸುತ್ತಾ ಬನ್ನಿ. ಮೂರು ಗಂಟೆಯ ಹಾಲು ತೆಗೆದುಬಿಡಿ. ಶಾಲೆಯಿಂದ ಬಂದ ಕೂಡಲೇ ಊಟ ಕೊಡಿ. ಆ ಹೊತ್ತಿಗೆ ಮಕ್ಕಳಿಗೆ ನಿಜವಾದ ಹಸಿವು ಇರುತ್ತದೆ, ಅದನ್ನು ಹಾಲಿಗೆ ಕೊಡಬೇಡಿ.

ಡಬ್ಬಿಯನ್ನು ಹನ್ನೆರಡೂವರೆಗೆ ತೆಗೆದು ನೋಡಿ

ತಾಯಂದಿರಿಗೆ ನಾನು ಹೇಳುವ ಒಂದು ಕೆಲಸ ಇದೆ, ನೀವೂ ಮಾಡಿ. ಒಂದು ದಿನ ಅವನಿಗೆ ಕಳಿಸುವ ಊಟವನ್ನೇ ಅಂಥದೇ ಇನ್ನೊಂದು ಡಬ್ಬಿಗೆ ಹಾಕಿ ಅಡುಗೆಮನೆ ಕಟ್ಟೆಯ ಮೇಲೆ ಇಡಿ. ಹನ್ನೆರಡೂವರೆಗೆ ಮುಚ್ಚಳ ತೆಗೆದು, ಬಿಸಿ ಮಾಡದೆ, ನೀವೇ ತಿನ್ನಿ.

ಮುಚ್ಚಳದ ಒಳಗಡೆ ಹಬೆ ನೀರಾಗಿ ಕೂತಿರುತ್ತದೆ. ಅದು ತೊಟ್ಟಿಕ್ಕಿ ಚಪಾತಿಯ ನಡುಭಾಗ ಒದ್ದೆ, ಅಂಚು ಗಟ್ಟಿ. ಪಲ್ಯದ ನೀರು ಕೆಳಗಿನ ಚಪಾತಿಗೆ ಇಳಿದಿರುತ್ತದೆ. ಪಾಲಕ್ ದೋಸೆ ಎಳೆದರೂ ಹರಿಯುವುದಿಲ್ಲ, ಬಣ್ಣ ಕಪ್ಪಾಗಿರುತ್ತದೆ. ಪಲಾವ್ ತೆಗೆದ ತಕ್ಷಣ ಮೂಗಿಗೆ ಒಂದು ವಾಸನೆ ಹೊಡೆಯುತ್ತದೆ. ಹೂಕೋಸು, ಎಲೆಕೋಸು, ಮೂಲಂಗಿಯಲ್ಲಿ ಗಂಧಕದ ಅಂಶ ಇದೆ. ಬೇಯಿಸಿ ಐದು ತಾಸು ಮುಚ್ಚಿಟ್ಟರೆ ಆ ವಾಸನೆ ಡಬ್ಬಿ ತುಂಬಾ ಕೂತಿರುತ್ತದೆ. ಪಕ್ಕದಲ್ಲಿ ಕೂತ ಹುಡುಗ ‘ಛೀ, ಏನೋ ಇದು’ ಅಂತ ಒಂದು ಸಲ ಅಂದರೆ ಸಾಕು, ನಿಮ್ಮ ಮಗ ಆ ಡಬ್ಬಿಯನ್ನು ಮತ್ತೆ ತೆಗೆಯುವುದಿಲ್ಲ. ಮನೆಗೆ ಬಂದು ಹೇಳುವುದೂ ಇಲ್ಲ. ‘ಹಸಿವಿರಲಿಲ್ಲ’ ಅಂತಾನೆ ಅಷ್ಟೇ.

ಇನ್ನೊಂದು ದಿನ ಅವನನ್ನೇ ಡಬ್ಬಿ ಮುಂದೆ ಕೂರಿಸಿ, ಸುಮ್ನೆ ಗಡಿಯಾರ ನೋಡಿ. ಮುಚ್ಚಳದ ಕ್ಲಿಪ್ ಅವನ ಬೆರಳಿಗೆ ಬಗ್ಗುತ್ತದಾ? ಚಪಾತಿ ಒಂದೇ ಕೈಯಲ್ಲಿ ಹರಿಯುತ್ತಾನಾ? ಮನೆಯಲ್ಲಿ ನೀವು ತಿನ್ನಿಸುತ್ತೀರಿ ಅಂತ ಬರೆದಿದ್ದೀರಿ. ಶಾಲೆಯಲ್ಲಿ ತಿನ್ನಿಸುವವರು ಯಾರೂ ಇಲ್ಲ. ಕೈ ತೊಳೆದು, ಸಾಲಿನಲ್ಲಿ ಬಂದು, ಪ್ರಾರ್ಥನೆ ಹೇಳಿ ಕೂರುವ ಹೊತ್ತಿಗೆ ಊಟದ ಬಿಡುವಿನಲ್ಲಿ ಎಷ್ಟು ಉಳಿಯುತ್ತದೆ ಅಂತ ಟೀಚರನ್ನು ಕೇಳಿ. ಎಷ್ಟೋ ಕಡೆ ಹದಿನೈದು ನಿಮಿಷ ಉಳಿದರೆ ಜಾಸ್ತಿ. ಆ ಹದಿನೈದು ನಿಮಿಷದಲ್ಲಿ, ಗದ್ದಲದ ನಡುವೆ, ಐದೂವರೆ ವರ್ಷದ ಮಗು ತನ್ನ ಕೈಯಾರೆ ತಿಂದು ಮುಗಿಸುವಂಥದ್ದನ್ನು ಕಳಿಸಬೇಕು.

ಕರಡಿ ಮುಖದ ವಿಚಾರ

ಚಿತ್ರ, ಆಕಾರ ಮಾಡುವುದು ತಪ್ಪಲ್ಲ. ಆದರೆ ಅದರಿಂದ ಆಗುವುದು ಇಷ್ಟೇ: ಮಗುವಿನ ಕಣ್ಣು ಒಂದು ಸಲ ಆ ಕಡೆ ಹೋಗುತ್ತದೆ. ನಾಲಿಗೆಗೆ ಅದು ಅದೇ ಚಪಾತಿ. ಜೊತೆಗೆ, ಹೊಸದು ಅಂದರೆ ಹಿಂಜರಿಯುವ ಮಗುವಿಗೆ ಹೊಸ ಆಕಾರವೂ ಹೊಸದೇ.

ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರಕ್ಕೆ ಹೆದರುವುದು ಬಹುಪಾಲು ಮಕ್ಕಳ ಸಹಜ ಗುಣ. ಕಹಿ ರುಚಿ ಅವರಿಗೆ ನಮಗಿಂತ ಜೋರಾಗಿ ತಾಗುತ್ತದೆ, ಅದಕ್ಕೇ ಸೊಪ್ಪು, ಹಾಗಲಕಾಯಿ ಕಂಡರೆ ಮುಖ ತಿರುಗಿಸುತ್ತಾರೆ. ಇದು ಹಟವಲ್ಲ, ನಿಮ್ಮ ಅಡುಗೆಯ ತಪ್ಪೂ ಅಲ್ಲ. ಒಂದು ಹೊಸ ತಿನಿಸನ್ನು ಮಗು ಒಪ್ಪಿಕೊಳ್ಳಲು ಎಂಟರಿಂದ ಹದಿನೈದು ಸಲವಾದರೂ ಅದರ ಪರಿಚಯ ಆಗಬೇಕು. ನೋಡುವುದು, ಮುಟ್ಟುವುದು, ಮೂಸಿ ಬಿಡುವುದು, ನೆಕ್ಕಿ ಉಗಿಯುವುದು, ಎಲ್ಲವೂ ಪರಿಚಯವೇ. ಬಹಳ ಮನೆಗಳಲ್ಲಿ ಮೂರು ನಾಲ್ಕು ಸಲಕ್ಕೆ ‘ಅವನಿಗೆ ಇಷ್ಟ ಇಲ್ಲ’ ಅಂತ ಕೈಬಿಡುತ್ತಾರೆ.

ಈ ಪರಿಚಯ ಮಾಡಿಸುವ ಜಾಗ ಶಾಲೆಯ ಡಬ್ಬಿ ಅಲ್ಲ. ನಾನು ಇದನ್ನು ಒತ್ತಿ ಹೇಳುತ್ತೇನೆ. ಅಲ್ಲಿ ನೀವಿಲ್ಲ, ಸಮಯವಿಲ್ಲ, ಊಟ ಆರಿರುತ್ತದೆ, ಬೇಡವಾದರೆ ಬೇರೆ ಏನೂ ಇಲ್ಲ. ಡಬ್ಬಿಗೆ ಅವನು ಖಂಡಿತ ತಿನ್ನುವುದನ್ನೇ ಹಾಕಿ, ಹೊಸದನ್ನು ಮನೆಯಲ್ಲಿ ಕಲಿಸಿ. ಈ ಒಂದು ವಿಷಯದಲ್ಲಿ ನಿಮ್ಮೆಜಮಾನ್ರು ಹೇಳುವುದು ಅರ್ಧ ಸರಿ.

ಇನ್ನರ್ಧ ಯಾಕೆ ಸರಿಯಲ್ಲ ಅಂದರೆ, ಕೇಳಿದ್ದನ್ನೇ ದಿನಾ ಕೊಟ್ಟರೆ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತದೆ. ಆರು ತಿಂಗಳು ಮೊಸರನ್ನವೇ ತಿಂದ ಮಗು ಒಂದು ದಿನ ಅದನ್ನೂ ಬೇಡ ಅನ್ನುತ್ತದೆ, ಆಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಹಾಗಾಗಿ ಅವನ ಪಟ್ಟಿಯಲ್ಲಿ ಇರುವುದನ್ನೇ ಸ್ವಲ್ಪ ಸ್ವಲ್ಪ ಎಳೆಯಬೇಕು, ಒಂದು ಸಲಕ್ಕೆ ಒಂದೇ ಬದಲಾವಣೆ. ಖಾಲಿ ದೋಸೆ ತಿನ್ನುತ್ತಾನಲ್ಲ, ಅದೇ ಹಿಟ್ಟಿನಲ್ಲಿ ಪಡ್ಡು ಹಾಕಿ. ರುಚಿ ಅದೇ, ಆಕಾರ ಮಾತ್ರ ಬೇರೆ. ಐದು ತಾಸಾದರೂ ದೋಸೆಯ ಹಾಗೆ ಗಟ್ಟಿಯಾಗುವುದಿಲ್ಲ, ಕೈಯಲ್ಲಿ ಹಿಡಿದು ತಿನ್ನಬಹುದು. ಪಡ್ಡು ಒಪ್ಪಿದ ಮೇಲೆ ಒಂದೆರಡಕ್ಕೆ ಮಾತ್ರ ತುರಿದ ಕ್ಯಾರೆಟ್, ಅದೂ ಮೊದಲು ಮನೆಯಲ್ಲಿ ಬಿಸಿಬಿಸಿಯಾಗಿ. ಅದು ಸರಿಹೋದರೆ ಹಿಟ್ಟಿಗೆ ಒಂದು ಹಿಡಿ ರಾಗಿಹಿಟ್ಟು. ಮಂಡಕ್ಕಿ ಇಷ್ಟ ಅಲ್ವಾ, ನಿಮ್ಮೂರಲ್ಲಿ ಅದಕ್ಕೇನು ಬರ! ಸ್ನ್ಯಾಕ್ಸ್ ಬ್ರೇಕಿಗೆ ಬಿಸ್ಕತ್ತಿನ ಬದಲು ಒಗ್ಗರಣೆ ಮಂಡಕ್ಕಿ ಕಳಿಸಿ, ಹುರಿಗಡಲೆ ಪುಡಿ ಉದುರಿಸಿ. ಇಡೀ ಶೇಂಗಾ ಬೀಜ ಬೇಡ, ಓಡಾಡುತ್ತಾ ನಗುತ್ತಾ ತಿನ್ನುವ ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ. ಕುಟ್ಟಿ ಪುಡಿ ಮಾಡಿ ಹಾಕಿ. ದ್ರಾಕ್ಷಿ ಕಳಿಸಿದರೂ ಉದ್ದಕ್ಕೆ ಸೀಳಿಯೇ ಕಳಿಸಿ.

ಮೊಸರನ್ನ ಕಳಿಸುವ ಹದ ಗೊತ್ತಿದ್ದರೆ ಅರ್ಧ ಚಿಂತೆ ಹೋಗುತ್ತದೆ. ಬೆಳಿಗ್ಗೆ ಮಾಡಿದ ಬಿಸಿ ಅನ್ನವನ್ನೇ ತೆಗೆದುಕೊಳ್ಳಿ, ರಾತ್ರಿ ಹೊರಗೆ ಉಳಿದದ್ದು ಬೇಡ. ಹೊರಗಿಟ್ಟ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಇರುವಾಗಲೇ ಅನ್ನವನ್ನು ಮೆತ್ತಗೆ ಹಿಸುಕಿ. ಉಗುರುಬೆಚ್ಚಗಾದ ಮೇಲೆ ಕಾಯಿಸಿ ಆರಿಸಿದ ಹಾಲು ಧಾರಾಳ ಹಾಕಿ, ಒಂದೇ ಚಮಚ ಮೊಸರು ಕಲಸಿ. ಆಗ ನೀರುನೀರಾಗಿ ಕಾಣಬೇಕು. ಹನ್ನೆರಡೂವರೆ ಹೊತ್ತಿಗೆ ಅನ್ನ ಹಾಲನ್ನು ಕುಡಿದು, ಹಾಲು ಹೆಪ್ಪಾಗಿ, ಹುಳಿಯಿಲ್ಲದ ಮೆತ್ತನೆಯ ಮೊಸರನ್ನ ಆಗಿರುತ್ತದೆ. ಬೆಳಿಗ್ಗೆಯೇ ಗಟ್ಟಿ ಮೊಸರಲ್ಲಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿ, ಮುದ್ದೆ. ದಾಳಿಂಬೆ ಕಾಳನ್ನು ಪಕ್ಕದ ಚಿಕ್ಕ ಬಟ್ಟಲಲ್ಲಿ ಇಡಿ, ಮೇಲೆ ಹಾಕಬೇಡಿ. ಇಂಥ ಮಕ್ಕಳಿಗೆ ಒಂದಕ್ಕೊಂದು ತಾಗಿದರೆ ಎರಡೂ ಬೇಡವಾಗುತ್ತದೆ. ಹಾಕಿಕೊಳ್ಳುವುದೋ ಬಿಡುವುದೋ ಅವನು ನೋಡಿಕೊಳ್ಳುತ್ತಾನೆ.

ಏನೇ ಹಾಕಿದರೂ ಪೂರ್ತಿ ಹಬೆ ಆಡಿದ ಮೇಲೆ ಮುಚ್ಚಿ. ಕಡಿಮೆ ಹಾಕಿ. ನಾಲ್ಕು ಪಡ್ಡು ತಿಂದು ಖಾಲಿ ಡಬ್ಬಿ ತರುವುದು, ಎಂಟು ಹಾಕಿ ನಾಲ್ಕು ವಾಪಸ್ ತರುವುದು, ಎರಡರಲ್ಲೂ ಹೊಟ್ಟೆಗೆ ಹೋಗುವುದು ಅಷ್ಟೇ. ಆದರೆ ಮೊದಲನೆಯದರಲ್ಲಿ ಅವನು ಮುಗಿಸಿದ ಹುಡುಗ.

ಉಳಿದ ದಾರಿಗಳು, ಅವುಗಳ ತೊಡಕು

ತರಕಾರಿ ರುಬ್ಬಿ ಹಿಟ್ಟಿನಲ್ಲಿ ಬಚ್ಚಿಡುವುದನ್ನು ಬಹಳ ಜನ ಮಾಡುತ್ತಾರೆ. ಒಂದಿಷ್ಟು ಸತ್ವ ಹೊಟ್ಟೆಗೆ ಹೋಗುತ್ತದೆ ನಿಜ. ಆದರೆ ಮಗುವಿಗೆ ಬೀಟ್‌ರೂಟ್ ಪರಿಚಯ ಆಗುವುದಿಲ್ಲ, ಸಿಕ್ಕಿಬಿದ್ದರೆ ದೋಸೆಯ ಮೇಲಿನ ನಂಬಿಕೆಯೂ ಹೋಗುತ್ತದೆ. ಅವನ ಪಟ್ಟಿ ಚಿಕ್ಕದಿರುವಾಗ ಒಂದು ದೋಸೆಯನ್ನೂ ಕಳೆದುಕೊಳ್ಳುವ ಹಾಗಿಲ್ಲ. ಮಾಡುವುದಿದ್ದರೆ ಅವನ ಕೈಯಲ್ಲೇ ತುರಿಸಿ, ಹೇಳಿಯೇ ಹಾಕಿ.

‘ಡಬ್ಬಿ ಮುಗಿಸಿದರೆ ಚಾಕೊಲೇಟ್’ ಎನ್ನುವ ಒಪ್ಪಂದ ಎರಡು ದಿನ ನಡೆಯುತ್ತದೆ. ಲಿಯಾನ್ ಬರ್ಚ್ ಎಂಬ ಅಮೆರಿಕದ ಸಂಶೋಧಕಿ 1984ರಲ್ಲಿ ಜೊತೆಗಾರರೊಂದಿಗೆ ಪ್ರಕಟಿಸಿದ ಪ್ರಯೋಗದಲ್ಲಿ, ಪುಟ್ಟ ಮಕ್ಕಳಿಗೆ ಒಂದು ಪಾನೀಯ ಕುಡಿದರೆ ಬಹುಮಾನ ಕೊಡುತ್ತಿದ್ದರು. ಕೊನೆಗೆ ಆ ಪಾನೀಯದ ಮೇಲಿನ ಇಷ್ಟವೇ ಕಡಿಮೆಯಾಗಿತ್ತು. ಲಂಚ ಕೊಟ್ಟು ತಿನ್ನಿಸಬೇಕಾದದ್ದು ಚೆನ್ನಾಗಿರಲು ಸಾಧ್ಯವಿಲ್ಲ ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಬೈದು, ಹೆದರಿಸಿ ತಿನ್ನಿಸಿದರೂ ಅದೇ ಕಥೆ.

ಶಾಲೆಯಲ್ಲೇ ಊಟ ಕೊಡುವ ವ್ಯವಸ್ಥೆ ಇದ್ದರೆ ಒಂದು ತಿಂಗಳು ಸೇರಿಸಿ ನೋಡಬಹುದು. 2002ರಲ್ಲಿ ಅಕ್ಷರ ದಾಸೋಹ ಶುರುವಾದಾಗಿನಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಕಾಣುತ್ತಿರುವುದು ಇದೇ: ಮನೆಯಲ್ಲಿ ಸಾಂಬಾರಿನ ಹೋಳು ಆರಿಸಿ ಇಡುವ ಮಗು ಬಿಸಿಯೂಟದ ಸಾಲಿನಲ್ಲಿ ಅದನ್ನೇ ತಿನ್ನುತ್ತದೆ. ಊಟ ಬಿಸಿಯಾಗಿರುತ್ತದೆ, ಎಲ್ಲರ ತಟ್ಟೆಯಲ್ಲೂ ಒಂದೇ ಇರುತ್ತದೆ, ಪಕ್ಕದ ಗೆಳೆಯ ತಿನ್ನುತ್ತಿರುತ್ತಾನೆ. ತೊಡಕು ಅಂದರೆ ಖಾರ ಜಾಸ್ತಿ ಇರಬಹುದು, ಮೊದಮೊದಲು ಹಸಿದು ಬರಬಹುದು. ಮೂರು ಗಂಟೆಯ ಊಟ ತಯಾರಿದ್ದರೆ ಅದರಿಂದ ಹೆದರಬೇಕಾಗಿಲ್ಲ.

ಜಂತುಹುಳುವಿನ ಬಗ್ಗೆ ಅತ್ತೆಯವರು ಹೇಳಿದ್ದನ್ನು ತಳ್ಳಿಹಾಕಬೇಡಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಮಾತ್ರೆಯನ್ನು ಪುಕ್ಕಟೆ ಕೊಡುತ್ತಾರೆ. ಅವನಿಗೆ ಈಚೆಗೆ ಕೊಡಿಸಿಲ್ಲ ಅಂದರೆ ಕೊಡಿಸಿ. ಆದರೆ ಹುಳುವಿನಿಂದ ಒಟ್ಟಾರೆ ಹಸಿವು ಕಡಿಮೆ ಆಗಬಹುದೇ ಹೊರತು ಆರಿಸಿ ತಿನ್ನುವ ಅಭ್ಯಾಸ ಬರುವುದಿಲ್ಲ. ಟಾನಿಕ್ ಮಾತ್ರ ಬೇಡ. ಹಸಿವಿಗೆಂದು ಕೊಡುವ ಹಲವು ಸಿರಪ್‌ಗಳಲ್ಲಿ ಇರುವುದು ಸೈಪ್ರೊಹೆಪ್ಟಡಿನ್, ಅದು ಅಲರ್ಜಿಯ ಔಷಧಿ. ಹಸಿವು ಹೆಚ್ಚಿಸುತ್ತದೆ, ಜೊತೆಗೆ ತೂಕಡಿಕೆ ತರುತ್ತದೆ. ನಿಲ್ಲಿಸಿದರೆ ಮತ್ತೆ ಮೊದಲಿನ ಹಾಗೆ. ಡಾಕ್ಟರ್ ನೋಡಿ ಬರೆಯದೆ ಅಂಗಡಿಯಿಂದ ತಂದು ಹಾಕುವ ಔಷಧಿ ಅದಲ್ಲ.

ಸಂಜೆ ಮನೆಯಲ್ಲಿ

ರಾತ್ರಿಯ ಮೊಬೈಲ್ ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ ಅಂತ ನನಗೆ ಗೊತ್ತು. ಮೊಬೈಲ್ ನೋಡುತ್ತಾ ತಿನ್ನುವ ಮಗುವಿಗೆ ಬಾಯಿಗೆ ಏನು ಬಂತು, ಹೊಟ್ಟೆ ಯಾವಾಗ ತುಂಬಿತು ಎರಡೂ ಗೊತ್ತಾಗುವುದಿಲ್ಲ. ನೀವು ಪಟ್ಟ ಕಷ್ಟಕ್ಕೆ ಪರಿಚಯದ ಲೆಕ್ಕವೂ ಸಿಗುವುದಿಲ್ಲ. ಒಂದು ವಾರ ರಂಪ ಆಗುತ್ತದೆ, ಊಟ ಕಡಿಮೆ ಆಗುತ್ತದೆ. ಅಷ್ಟಕ್ಕೆ ಗಟ್ಟಿ ಮನಸ್ಸು ಮಾಡಿ. ಮನೆಯವರೆಲ್ಲ ಒಟ್ಟಿಗೆ ಕೂರಿ. ಅವನ ತಟ್ಟೆಗೆ ತಿಳಿಸಾರು-ಅನ್ನ ಬಡಿಸಿ, ಅಂಚಿನಲ್ಲಿ ಒಂದೇ ಒಂದು ತುಂಡು ಬೀನ್ಸ್ ಪಲ್ಯ ಇಡಿ. ‘ತಿನ್ನು’ ಅನ್ನಬೇಡಿ. ತಿಂದರೆ ಚಪ್ಪಾಳೆಯೂ ಬೇಡ, ಬಿಟ್ಟರೆ ಮುಖ ಸಣ್ಣ ಮಾಡುವುದೂ ಬೇಡ. ಎಲಿನ್ ಸ್ಯಾಟರ್ ಎಂಬ ಆಹಾರ ತಜ್ಞೆ ಹಾಕಿಕೊಟ್ಟ ಪದ್ಧತಿ ಇದು: ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೆಲಸ, ತಿನ್ನುವುದೋ ಬಿಡುವುದೋ, ಎಷ್ಟು ತಿನ್ನುವುದೋ ಮಗುವಿನ ಕೆಲಸ. ಅತ್ತೆಯವರಿಗೂ ಯಜಮಾನರಿಗೂ ಇದನ್ನು ಮೊದಲೇ ಹೇಳಿಟ್ಟುಕೊಳ್ಳಿ. ಒಬ್ಬರು ಸುಮ್ಮನಿದ್ದು ಇನ್ನೊಬ್ಬರು ಬಾಯಿಗೆ ತುರುಕಿದರೆ ಕೆಲಸ ಕೆಡುತ್ತದೆ.

ಶಾಲೆಯಿಂದ ಬಂದ ತಕ್ಷಣ ಡಬ್ಬಿ ತೆರೆದು ನೋಡುವುದನ್ನೂ ಬಿಡಿ. ಅವನು ಒಳಗೆ ಹೋದ ಮೇಲೆ ನೋಡಿ. ಟೀಚರಿಗೆ ಡೈರಿಯಲ್ಲೇ ಎರಡು ಸಾಲು ಬರೆಯಿರಿ: ‘ಈ ತಿಂಗಳು ಕಡಿಮೆ ಕಳಿಸುತ್ತಿದ್ದೇವೆ, ಮುಗಿಸು ಅಂತ ಒತ್ತಾಯ ಮಾಡಬೇಡಿ, ಮುಚ್ಚಳ ತೆಗೆಯಲು ಕಷ್ಟವಾದರೆ ಸಹಾಯ ಮಾಡಿ.’

ಡಾಕ್ಟರ್ ಹತ್ತಿರ ಯಾವಾಗ?

ಹೇಗೂ ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿ, ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವುದು) ಪರೀಕ್ಷೆ ಮಾಡಿಸಿ. ಅಷ್ಟು ಹಾಲು ಕುಡಿಯುವ ಮಗುವಿಗೆ ಇದು ಬೇಕೇ ಬೇಕು. ಐದು ವರ್ಷ ದಾಟಿದ ಮಗುವಿಗೆ ಹಿಮೋಗ್ಲೋಬಿನ್ 11.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆಗ ಡಾಕ್ಟರ್ ಕಬ್ಬಿಣದ ಸಿರಪ್ ಬರೆಯುತ್ತಾರೆ, ಹಾಲಿನ ಜೊತೆ ಅದನ್ನು ಕೊಡಬೇಡಿ. ಮಲಬದ್ಧತೆ ಇದೆಯಾ ಅಂತಲೂ ಗಮನಿಸಿ. ಶಾಲೆಯ ಟಾಯ್ಲೆಟ್ ಇಷ್ಟವಿಲ್ಲದೆ ತಡೆದುಕೊಳ್ಳುವ ಮಕ್ಕಳು ಬಹಳ, ಅವರಿಗೆ ಹಸಿವೂ ಆಗುವುದಿಲ್ಲ. ಹಾಲು ಜಾಸ್ತಿಯಾದರೆ ಅದು ಇನ್ನೂ ಹೆಚ್ಚುತ್ತದೆ. ಹಲ್ಲು ಹುಳುಕಾಗಿ ಅಗಿಯಲು ನೋವಾಗುತ್ತಿದೆಯಾ ನೋಡಿ.

ಆರು ತಿಂಗಳಾದರೂ ತೂಕ ಏರದಿದ್ದರೆ, ಗಟ್ಟಿ ಪದಾರ್ಥ ಬಾಯಿಗಿಟ್ಟರೆ ವಾಂತಿ ಬಂದಂತಾದರೆ, ನುಂಗಲು ಕಷ್ಟಪಟ್ಟರೆ, ಮಣ್ಣು-ಸೀಮೆಸುಣ್ಣ ತಿನ್ನುತ್ತಿದ್ದರೆ, ಮೊದಲು ತಿನ್ನುತ್ತಿದ್ದ ಪದಾರ್ಥಗಳನ್ನು ಒಂದೊಂದಾಗಿ ಬಿಡುತ್ತಾ ಬಂದರೆ ಕಾಯಬೇಡಿ. ಅದು ಮಾಮೂಲಿ ಹಟದ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಹಾಲು ಇಳಿಸಿದ ಆರು ವಾರಕ್ಕೆ ಮತ್ತೊಮ್ಮೆ ತೂಕ ನೋಡಿ, ಡಬ್ಬಿಯಲ್ಲಿ ಏನೇನು ಮುಗಿಯುತ್ತಿದೆ ಅನ್ನುವುದರ ಜೊತೆಗೆ ಬರೆದು ಕಳಿಸಿ.